ಬಿಸಿಲಿನ ಮೇಲೆ ಹೊರಿಸಿದ ತಪ್ಪು

ರಾಯಚೂರಿನಲ್ಲಿ ಸೋಲಾರ್ ಇನ್ವರ್ಟರ್ ಕೆಟ್ಟರೆ ಮೆಕ್ಯಾನಿಕ್‌ನಿಂದ ಹಿಡಿದು ಮನೆಯ ಯಜಮಾನರವರೆಗೆ ಎಲ್ಲರದೂ ಒಂದೇ ಮಾತು: ‘ಬಿಸಿಲಿಗಿ ಹೋಗ್ಯಾದ್ರೀ.’ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ದೊಡ್ಡ ಕಂಪನಿಯದು, ಹತ್ತು ವರ್ಷ ವಾರಂಟಿ ಇರುವುದು ತಗೋಬೇಕಿತ್ತು. ನಾನು ಎರಡನ್ನೂ ಒಪ್ಪುವುದಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿಯನ್ನು 1985ರಿಂದ ಉಸಿರಾಡುತ್ತ ಬಂದ ಈ ಸೀಮೆಗೆ ಮಾಳಿಗೆಯ ಮೇಲೆ ಹುಟ್ಟುವ ಕರೆಂಟು ತಡವಾಗಿ ಸಿಕ್ಕ ನ್ಯಾಯ ಎಂದು ನಂಬಿದವನು ನಾನು. ಆ ನಂಬಿಕೆ ಇರುವುದರಿಂದಲೇ ಈ ಜಗಳ.

ಬಿಸಿಲಿನ ವಾದದಲ್ಲಿರುವ ನಿಜವನ್ನು ಮೊದಲು ಒಪ್ಪಿಕೊಳ್ಳೋಣ. ಇನ್ವರ್ಟರ್ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು 10 ಡಿಗ್ರಿ ಶಾಖ ಏರಿದಂತೆಲ್ಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆಂಬುದು ಎಂಜಿನಿಯರ್‌ಗಳ ರೂಢಿಯ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಪಾದರಸ 40 ದಾಟುವುದು ಸುದ್ದಿಯೇ ಅಲ್ಲ. ಆದರೆ ಇದು ಕಂಪನಿಗೂ ಗೊತ್ತು. ಯಂತ್ರ ಎಷ್ಟು ಡಿಗ್ರಿಯವರೆಗೆ ಪೂರ್ತಿ ದುಡಿಯುತ್ತದೆ, ಆಮೇಲೆ ಎಷ್ಟು ತಗ್ಗುತ್ತದೆ ಎಂಬುದನ್ನು ಅದೇ ಡೇಟಾಶೀಟ್‌ನಲ್ಲಿ ಬರೆದಿರುತ್ತದೆ. ನೆರಳಲ್ಲಿ, ಗಾಳಿಯಾಡುವಂತೆ, ಸುತ್ತ ಜಾಗ ಬಿಟ್ಟು ಕೂಡಿಸಿ ಎಂದು ಕೈಪಿಡಿಯಲ್ಲೂ ಹೇಳಿರುತ್ತದೆ. ಅಷ್ಟಾದರೂ ದೇವದುರ್ಗದಲ್ಲಿ ಮಧ್ಯಾಹ್ನವೆಲ್ಲ ಬಿಸಿಲು ಬಡಿಯುವ ಪಡುವಣ ಗೋಡೆಗೆ, ಕಾದ ತಗಡಿನ ಕೆಳಗೆ ಇನ್ವರ್ಟರ್ ಮೊಳೆ ಹೊಡೆದು ನಿಲ್ಲಿಸಿದ್ದನ್ನು ಕಂಡಿದ್ದೇನೆ. ಒಂದಷ್ಟು ಮೀಟರ್ ಕೇಬಲ್ ಉಳಿಸಲು ಯಾರೋ ಆರಿಸಿದ ಜಾಗ ಅದು. ‘ಬಿಸಿಲಿಗೆ ಹೋಯಿತು’ ಎಂದೊಡನೆ ಆ ‘ಯಾರೋ’ ಮಾತಿನಿಂದ ಜಾರಿಕೊಳ್ಳುತ್ತಾರೆ.

ಸಿಡಿಲಿನ ಕಥೆ ಇನ್ನೂ ಸೂಕ್ಷ್ಮ. ನಮ್ಮ ಎರಿ ಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಮಣ್ಣಿನ ತೇವ ಹೋದಂತೆ ಅರ್ಥಿಂಗ್‌ನ ಪ್ರತಿರೋಧ ಏರುತ್ತದೆ. ಸರಿಯಾಗಿ ಆ ಹೊತ್ತಿಗೇ ರೋಹಿಣಿ ಮಳೆಯ ಗುಡುಗು ಸಿಡಿಲು. ಎಳೆದುಕೊಂಡು ಹೋಗಲು ನೆಲ ತಯಾರಿಲ್ಲದಿದ್ದರೆ ಸರ್ಜ್ ಬೋರ್ಡ್ ಅನ್ನೇ ಸುಡುತ್ತದೆ. ಆಗ ಕಂಪನಿ ‘ಸಿಡಿಲು, ವಾರಂಟಿಗೆ ಬರುವುದಿಲ್ಲ’ ಎನ್ನುತ್ತದೆ. ಅರ್ಥಿಂಗ್ ಗುಂಡಿ ತೋಡಿದವರು ಯಾರು, ಎಷ್ಟು ಆಳ, ಪ್ರತಿರೋಧವನ್ನು ಮೀಟರ್ ಹಿಡಿದು ಅಳೆದರೇ, ಸರ್ಜ್ ಪ್ರೊಟೆಕ್ಟರ್ ಹಾಕಿದ್ದರೇ? ಈ ಪ್ರಶ್ನೆಗಳು ಬಂದರೆ ಪ್ರಕೃತಿಯ ತಲೆಗೆ ಕಟ್ಟಿದ ಹೊಣೆಯ ಬಹುಪಾಲು ಮತ್ತೆ ಮನುಷ್ಯರ ಹೆಗಲಿಗೆ ಬರುತ್ತದೆ.

ಇನ್ನು ವಾರಂಟಿ. ಅದನ್ನು ನಾವು ವರ್ಷಗಳಲ್ಲಿ ಓದುತ್ತೇವೆ. ಓದಬೇಕಾದ್ದು ಅದರ ಕ್ರಿಯಾಪದಗಳನ್ನು. ‘ದುರಸ್ತಿ ಮಾಡಲಾಗುವುದು ಅಥವಾ ಬದಲಿಸಲಾಗುವುದು’ ಎಂದಿರುತ್ತದೆ. ಯಾರು, ಎಲ್ಲಿ, ಎಷ್ಟು ದಿನದೊಳಗೆ ಎಂದು ಇರುವುದಿಲ್ಲ. ನನ್ನ ಮನೆಯ 3 ಕಿಲೋವ್ಯಾಟ್‌ನ ಇನ್ವರ್ಟರ್ ನಿಂತಾಗ ದೂರಿನ ನಂಬರ್ ಒಂದು ನಿಮಿಷದಲ್ಲಿ ಬಂತು, ಬದಲಿ ಯಂತ್ರ ಬರಲು ನಲವತ್ತು ದಿನ ಹಿಡಿಯಿತು. ದಿನಕ್ಕೆ ಸುಮಾರು 12 ಯೂನಿಟ್‌ನಂತೆ 480 ಯೂನಿಟ್ ಹುಟ್ಟಲೇ ಇಲ್ಲ. ವಾರಂಟಿ ಅದನ್ನು ತುಂಬಿಕೊಡುವುದಿಲ್ಲ, ಆದರೂ ಕಾಗದದ ಪ್ರಕಾರ ಕಂಪನಿ ಮಾತು ಉಳಿಸಿಕೊಂಡಿದೆ. ಹತ್ತು ವರ್ಷದ ವಾರಂಟಿಯೂ ಐದು ವರ್ಷದ್ದೂ ಆ ನಲವತ್ತು ದಿನಗಳಲ್ಲಿ ಒಂದೇ ತೂಕದವು.

ಮಾನ್ವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಟೇಲ್ ಎಂಡ್‌ನಲ್ಲಿ ಹೊಲ ಇದ್ದವರಿಗೆ, ನೀರು ಬಿಟ್ಟಿದ್ದಾರೆ ಎಂಬುದಕ್ಕೂ ನೀರು ಬಂತು ಎಂಬುದಕ್ಕೂ ಇರುವ ದೂರ ಗೊತ್ತು. ಸರ್ವಿಸ್ ಕೂಡ ಹಾಗೇ ಹರಿಯುತ್ತದೆ: ಬೆಂಗಳೂರಲ್ಲಿ ತುಂಬಿ, ಹುಬ್ಬಳ್ಳಿಯಲ್ಲಿ ಇಳಿದು, ರಾಯಚೂರಿಗೆ ತೆಳುವಾಗಿ. ಹತ್ತಿ ಹೊಲದ ಸೋಲಾರ್ ಪಂಪಿನ ಕಂಟ್ರೋಲರ್ ಕೆಟ್ಟ ರೈತನಿಗೆ ನಷ್ಟ ಯೂನಿಟ್‌ಗಳ ಲೆಕ್ಕದ್ದಲ್ಲ, ಕಾಯಿ ಕಟ್ಟುವ ಹೊತ್ತಿಗೆ ತಪ್ಪಿದ ನೀರಿನದು.

ತಾಲ್ಲೂಕಿಗೊಂದು ಸರ್ವಿಸ್ ಸೆಂಟರ್ ಇಟ್ಟರೆ ಬೆಲೆ ಏರುತ್ತದೆ ಎಂಬ ಕಂಪನಿಗಳ ಉತ್ತರವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕೇಳುತ್ತಿರುವುದು ಸೆಂಟರ್ ಅಲ್ಲ. ಜಿಲ್ಲಾ ಕೇಂದ್ರದಲ್ಲಿ ಕೆಲವು ಬದಲಿ ಯಂತ್ರಗಳಿದ್ದು, ಕೆಟ್ಟದ್ದನ್ನು ಬಿಚ್ಚಿ ಒಳ್ಳೆಯದನ್ನು ಅಂದೇ ಕೂಡಿಸಿ, ಜಗಳವನ್ನು ಆಮೇಲೆ ಆಡಿದರೆ ಸಾಕು. ಸುಟ್ಟ ಮೋಟರ್ ಅನ್ನು ರಾತ್ರೋರಾತ್ರಿ ರಿವೈಂಡಿಂಗ್ ಮಾಡಿಕೊಡುವ ಅಂಗಡಿಗಳಿರುವ ಊರುಗಳಿವು, ಕೈಗಳಿಗೆ ಬರವಿಲ್ಲ. ಪ್ಯಾನಲ್‌ಗಳಿಂದ ಬರುವ ನೂರಾರು ವೋಲ್ಟ್‌ನ ಡಿಸಿ ಜೀವ ತೆಗೆಯಬಲ್ಲದು, ಯಾರು ಬೇಕಾದರೂ ಮುಚ್ಚಳ ತೆರೆಯಲಿ ಎನ್ನಲಾರೆ. ಈ ಕೈಗಳಿಗೆ ತರಬೇತಿಯನ್ನೂ ಬೋರ್ಡ್‌ಗಳನ್ನೂ ಕೊಡಿ ಎನ್ನುತ್ತೇನೆ.

ಸಾಮಾನ್ಯ ತಿಳಿವಳಿಕೆ ಪೂರ್ತಿ ಮರೆತದ್ದು ಹೊಣೆಗಾರನನ್ನು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಎಂಬುದು ಎಲ್ಲರಿಗೂ ಬಾಯಿಪಾಠ. ಕೂಡಿಸಿದ ವೆಂಡರ್ ಐದು ವರ್ಷ ನಿರ್ವಹಣೆ ಮಾಡಬೇಕೆಂಬ ಷರತ್ತನ್ನು ನೆನಪಿಟ್ಟವರು ಕಡಿಮೆ. ಕರಾರಿನ ಪ್ರತಿ ಮನೆಯಲ್ಲಿ ಇಟ್ಟುಕೊಂಡವರು ಇನ್ನೂ ಕಡಿಮೆ. ಆ ಹೊಣೆ ಇರುವವರನ್ನು ಬಿಟ್ಟು ನಾವು ಟೋಲ್ ಫ್ರೀ ನಂಬರ್‌ನ ಸಂಗೀತ ಕೇಳುತ್ತ ಕೂಡುತ್ತೇವೆ.

ಯಂತ್ರವನ್ನು ಫ್ಯಾಕ್ಟರಿಗೆ ಕಳಿಸುವ ಮೊದಲು ಅದರ ಪರದೆಯ ಮೇಲಿನ ಫಾಲ್ಟ್ ಕೋಡ್, ದಿನಾಂಕ, ವೋಲ್ಟೇಜ್ ಫೋಟೊ ತೆಗೆದಿಡಬೇಕು. ಕೆಟ್ಟದ್ದು ಯಂತ್ರವೇ ಹೌದೋ ಎಂಬುದೂ ಅದರಿಂದ ತಿಳಿದೀತು. ಲೈನ್‌ನ ಕೊನೆಯ ಮನೆಗಳಲ್ಲಿ ಮಧ್ಯಾಹ್ನ ವೋಲ್ಟೇಜ್ ಏರಿ ಇನ್ವರ್ಟರ್ ತಾನಾಗಿ ನಿಲ್ಲುವುದುಂಟು, ಅದಕ್ಕೆ ಮದ್ದು ಇರುವುದು ಕರೆಂಟು ಕೊಡುವ ಜೆಸ್ಕಾಂನ ಟ್ರಾನ್ಸ್‌ಫಾರ್ಮರ್‌ನ ಹತ್ತಿರ. ವಾರಂಟಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬೇಕು. ‘ಸರ್ಜ್’ ಎಂದವರು ಅದನ್ನು ತೋರಿಸಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಕಂಪನಿಯ ಕಚೇರಿ ಯಾವ ರಾಜ್ಯದಲ್ಲಿದ್ದರೂ ದೇವದುರ್ಗದವರು ಅಲ್ಲಿಗೆ ಅಲೆಯಬೇಕಿಲ್ಲ, ಕಂಪನಿಯೇ ರಾಯಚೂರಿಗೆ ಬಂದು ಉತ್ತರ ಕೊಡಬೇಕು.