ರುವಾಂಡಾದ ಕಥೆ ಏಪ್ರಿಲ್‌ನಲ್ಲಿ ಶುರುವಾಗುವುದಿಲ್ಲ

ರುವಾಂಡಾ ಎಂದೊಡನೆ ‘ನೂರು ದಿನ’ ಎನ್ನುವುದು ರೂಢಿಯಾಗಿಬಿಟ್ಟಿದೆ. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನನ ವಿಮಾನವನ್ನು ಹೊಡೆದುರುಳಿಸಲಾಯಿತು, ಮಚ್ಚುಗಳು ಬೀದಿಗಿಳಿದವು, ಜುಲೈ ಹೊತ್ತಿಗೆ ಬಹುಸಂಖ್ಯಾತ ಹುಟುಗಳಲ್ಲಿನ ಉಗ್ರವಾದಿಗಳ ಕೈಯಲ್ಲಿ ಸುಮಾರು ಎಂಟು ಲಕ್ಷ ಜನ, ಬಹುಪಾಲು ಅಲ್ಪಸಂಖ್ಯಾತ ಟುಟ್ಸಿಗಳು, ಸತ್ತಿದ್ದರು. ಸಿನಿಮಾ, ಪಠ್ಯ, ಪತ್ರಿಕೆಗಳ ವಾರ್ಷಿಕ ಸ್ಮರಣೆ ಎಲ್ಲವೂ ಈ ಚೌಕಟ್ಟಿನೊಳಗೇ ಕೂರುತ್ತವೆ. ಅದರಲ್ಲಿ ಸುಳ್ಳಿಲ್ಲ. ಆದರೆ ಈ ಚೌಕಟ್ಟಿನಲ್ಲಿ ಕೊಲೆಗಳು ಕಾಣುತ್ತವೆ, ನರಮೇಧ ಕಾಣುವುದಿಲ್ಲ ಎಂಬುದು ನನ್ನ ತಕರಾರು. ಏಪ್ರಿಲ್‌ನಲ್ಲಿ ಶುರುವಾಗುವ ಕಥೆಯಲ್ಲಿ ಪಕ್ಕದ ಮನೆಯವನು ದಿಢೀರನೆ ರಾಕ್ಷಸನಾಗುತ್ತಾನೆ. ಓದುಗ ಬೆಚ್ಚುತ್ತಾನೆ, ಕಣ್ಣೀರು ಹಾಕುತ್ತಾನೆ, ಎಲ್ಲ ಅರ್ಥವಾಯಿತೆಂದುಕೊಂಡು ಪುಸ್ತಕ ಮುಚ್ಚುತ್ತಾನೆ.

ಸ್ಕೊಲಾಸ್ಟಿಕ್ ಮುಕಾಸೊಂಗಾ ಅವರ ‘ನೋತ್ರ್ ದಾಮ್ ದು ನೀಲ್’ (2012) ಕಾದಂಬರಿಯ ಕಥೆ 1994ರ ತನಕ ಬರುವುದೇ ಇಲ್ಲ. 1970ರ ದಶಕದ ಆರಂಭ; ನೈಲ್ ನದಿಯ ಮೂಲದ ಬಳಿ, ಬೆಟ್ಟದ ಮೇಲೊಂದು ಕಾನ್ವೆಂಟ್; ಬಹುಪಾಲು ಅಧಿಕಾರಸ್ಥರ, ಸಿರಿವಂತರ ಹೆಣ್ಣುಮಕ್ಕಳು. ಟುಟ್ಸಿ ಹುಡುಗಿಯರಿಗೆ ನೂರಕ್ಕೆ ಹತ್ತರ ಕೋಟಾ. (ನಮ್ಮ ಮೀಸಲಾತಿಯ ಕಣ್ಣಿನಿಂದ ಇದನ್ನು ಓದಬಾರದು. ಇದು ಒಳಗೆ ಕರೆಯಲು ಮಾಡಿದ್ದಲ್ಲ, ಇದಕ್ಕಿಂತ ಹೆಚ್ಚು ಬೇಡ ಎಂದು ಹಾಕಿದ ಮಿತಿ.) ಶಾಲೆಯ ಬಳಿ ಕಪ್ಪು ಬಣ್ಣದ ಮೇರಿಮಾತೆಯ ಮೂರ್ತಿಯಿದೆ. ಆಳುವ ಪಕ್ಷದ ಮುಖಂಡನ ಮಗಳು ಗ್ಲೋರಿಯೋಸಾಗೆ ಒಂದು ದಿನ ಆ ಮೂರ್ತಿಯ ಮೂಗು ಟುಟ್ಸಿ ಮೂಗಿನಂತೆ ಕಂಡು, ಅದನ್ನು ಒಡೆದು ಹುಟು ಮೂಗು ಕೂರಿಸಬೇಕೆಂಬ ಹಟ ಹುಟ್ಟುತ್ತದೆ. ಗೆಳತಿಯೊಡನೆ ಹೋಗಿ ಮೈಯೆಲ್ಲ ಕೆಸರು ಮಾಡಿಕೊಂಡು ಬಂದವಳು ‘ಟುಟ್ಸಿ ಬಂಡುಕೋರರು ನಮ್ಮ ಮೇಲೆ ಬಿದ್ದರು’ ಎಂದು ಕಥೆ ಕಟ್ಟುತ್ತಾಳೆ. ಶಾಲೆ ಆ ಸುಳ್ಳನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತದೆ. ಕೊನೆಗೆ ಟುಟ್ಸಿ ಹುಡುಗಿಯರನ್ನು ಹೊರಗಿನಿಂದ ಬಂದ ಪುಂಡರು ಬೇಟೆಯಾಡುತ್ತಾರೆ.

ಇಷ್ಟು ಸಣ್ಣ ವಿಷಯವೇ ಎನ್ನಬಹುದು. ಸ್ವತಃ ಟುಟ್ಸಿಯಾದ ಮುಕಾಸೊಂಗಾ 1973ರಲ್ಲಿ ಓದು ಬಿಟ್ಟು ಬುರುಂಡಿಗೆ ಓಡಿಹೋಗಬೇಕಾಯಿತು. 1994ರಲ್ಲಿ ತಾಯಿಯೂ ಸೇರಿ ಕುಟುಂಬದ ಬಹುಪಾಲು ಜನರನ್ನು ಕಳೆದುಕೊಂಡರು. ಹೆಣಗಳ ಬಗ್ಗೆ ಬರೆಯುವ ಹಕ್ಕು ಅವರಿಗಿಂತ ಹೆಚ್ಚು ಯಾರಿಗಿದೆ? ಹಾಗಿದ್ದೂ ಅವರು ಮೂಗಿನ ಕಥೆ ಬರೆದರು. ಆ ಆಯ್ಕೆಯನ್ನು ‘ಸಂಯಮ’ ಎಂದು ಮೆಚ್ಚಿ ಮುಂದೆ ಹೋಗುವ ವಿಮರ್ಶೆ ನನಗೆ ಸಾಲದು. ಆ ಆಯ್ಕೆಯಲ್ಲೇ ವಾದವಿದೆ.

ಕಾದಂಬರಿಯ ಬಿಳಿಯ ತೋಟದ ಮಾಲೀಕ ಫೋಂತನಾಯ್‌ನ ಪ್ರಸಂಗವನ್ನೇ ನೋಡಿ. ಟುಟ್ಸಿಗಳು ಪ್ರಾಚೀನ ಈಜಿಪ್ಟಿನ ರಾಜವಂಶದವರು ಎಂಬುದು ಅವನ ಹುಚ್ಚು. ಹುಡುಗಿಯೊಬ್ಬಳಿಗೆ ಐಸಿಸ್ ದೇವಿಯ ವೇಷ ತೊಡಿಸಿ ಚಿತ್ರ ಬರೆಯುತ್ತಾನೆ. ಓದುವಾಗ ಇದು ಅಡ್ಡದಾರಿ ಅನ್ನಿಸುತ್ತದೆ. ಈಗ 1992ರ ನವೆಂಬರ್‌ಗೆ ಬನ್ನಿ. ರಾಜಕಾರಣಿ ಲಿಯೋನ್ ಮುಗೆಸೆರಾ ತನ್ನ ಕುಖ್ಯಾತ ಭಾಷಣದಲ್ಲಿ, ಟುಟ್ಸಿಗಳನ್ನು ನ್ಯಾಬರೊಂಗೊ ನದಿಯ ಮೂಲಕ ಇಥಿಯೋಪಿಯಾಕ್ಕೆ ವಾಪಸು ಕಳಿಸುವ ಮಾತಾಡಿದ. ಒಂದೂವರೆ ವರ್ಷದ ನಂತರ ಆ ನದಿಯಲ್ಲಿ ಹೆಣಗಳು ತೇಲಿದವು. ತೋಟದ ಮಾಲೀಕನ ಆರಾಧನೆಗೂ ಮುಗೆಸೆರಾನ ಬೆದರಿಕೆಗೂ ಆಧಾರ ಒಂದೇ: ಇವರು ಈ ನೆಲದವರಲ್ಲ.

ಪತ್ರಿಕೋದ್ಯಮದ ಮೇಲಿನ ಮಾಮೂಲಿ ಆರೋಪ, ಅದು ತಡವಾಗಿ ಬಂತು ಎಂಬುದು. ನಿಜ, ಏಪ್ರಿಲ್‌ನಲ್ಲಿ ಆಫ್ರಿಕಾದ ವರದಿಗಾರರಲ್ಲಿ ಅನೇಕರು ಮಂಡೇಲಾ ಚುನಾವಣೆಯಲ್ಲಿದ್ದರು. ಕ್ಯಾಮೆರಾಗಳು ದಂಡುದಂಡಾಗಿ ಬಂದದ್ದು ಜುಲೈನಲ್ಲಿ, ಗಡಿಯಾಚೆಯ ಗೋಮಾದ ನಿರಾಶ್ರಿತರ ಶಿಬಿರಕ್ಕೆ. ಅಲ್ಲಿ ಕಾಲರಾದಿಂದ ಸಾಯುತ್ತಿದ್ದ ಹುಟುಗಳ ನಡುವೆ ಕೊಂದು ಓಡಿಬಂದವರೂ ಇದ್ದರು. ನೋಡಿದ ಜಗತ್ತಿಗೆ ಎರಡು ದುರಂತಗಳೂ ಒಂದಾಗಿ ಕಂಡವು. ಆದರೆ ಬೇಗ ಬಂದಿದ್ದರೂ ‘ಬುಡಕಟ್ಟುಗಳ ಪುರಾತನ ದ್ವೇಷ’ ಎಂದೇ ಬರೆಯುತ್ತಿದ್ದರೇನೋ. ಒಂದೇ ಭಾಷೆ, ಒಂದೇ ಚರ್ಚು, ಒಂದೇ ಗುಡ್ಡದ ಜನರನ್ನು ಬೇರ್ಪಡಿಸಲು 1930ರ ದಶಕದಲ್ಲಿ ಆಗ ಆಳುತ್ತಿದ್ದ ಬೆಲ್ಜಿಯನ್ನರು ಗುರುತಿನ ಚೀಟಿ ತಂದರು. ಸ್ವತಂತ್ರ ರುವಾಂಡಾ ಅದನ್ನು ಜೋಪಾನವಾಗಿ ಉಳಿಸಿಕೊಂಡಿತು. ತರಗತಿಯಲ್ಲಿ ಮೇಷ್ಟ್ರು ಟುಟ್ಸಿ ಮಕ್ಕಳನ್ನು ಎದ್ದು ನಿಲ್ಲಿಸುತ್ತಿದ್ದುದನ್ನು ಬದುಕುಳಿದ ಅನೇಕರು ನೆನೆದಿದ್ದಾರೆ. ದ್ವೇಷದ ರೇಡಿಯೋ ಎಂದು ಹೆಸರಾದ ಆರ್‌ಟಿಎಲ್‌ಎಂ ಶುರುವಾದದ್ದು 1993ರಲ್ಲಿ. ಅದಕ್ಕೆ ಕಿವಿಗೊಟ್ಟವರು ಆ ಪಾಠವನ್ನು ಶಾಲೆಯಲ್ಲೇ ಕಲಿತಿದ್ದರು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಹಿಂದಿನಿಂದ ಹೇಳುತ್ತ ಬಂದರೆ ಎಲ್ಲವೂ ವಿಧಿಲಿಖಿತದಂತೆ ಕಾಣುತ್ತದೆ, ಕೊಂದವನ ಹೊಣೆ ಬೆಲ್ಜಿಯಂನ ಹೆಗಲೇರುತ್ತದೆ. ಒಪ್ಪುತ್ತೇನೆ, ಅಪಾಯ ಇದೆ. ಆದರೆ ಏಪ್ರಿಲ್‌ಗೆ ಮುಂಚಿನ ಕಾಗದಗಳೇ ಅದಕ್ಕೆ ಉತ್ತರ. 1994ರ ಜನವರಿ 11ರಂದು ರುವಾಂಡಾದಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥ ಜನರಲ್ ಡಲೇರ್ ನ್ಯೂಯಾರ್ಕಿಗೆ ಫ್ಯಾಕ್ಸ್ ಕಳಿಸಿದ: ಇಪ್ಪತ್ತು ನಿಮಿಷದಲ್ಲಿ ಸಾವಿರ ಟುಟ್ಸಿಗಳನ್ನು ಕೊಲ್ಲಬಲ್ಲ ಪಡೆ ಸಿದ್ಧವಿದೆ, ಆಯುಧಗಳನ್ನು ವಶಪಡಿಸಿಕೊಳ್ಳುತ್ತೇನೆ. ಬೇಡ ಎಂದು ಉತ್ತರ ಬಂತು. ತಡೆಯುವ ಅವಕಾಶ ಇತ್ತು ಎಂಬುದು ಗೊತ್ತಾಗುವುದೇ ಆ ಜನವರಿಯನ್ನು ಓದಿದಾಗ. ತರಗತಿಯಲ್ಲಿ ‘ಹೋಟೆಲ್ ರುವಾಂಡಾ’ ಸಿನಿಮಾ ತೋರಿಸಿ ಚರ್ಚೆ ಮಾಡಿಸುವ ಬದಲು ಆ ಫ್ಯಾಕ್ಸನ್ನು ಓದಿಸಬಹುದು.

ಮುಕಾಸೊಂಗಾ ಜೊತೆಗೂ ನನಗೊಂದು ಜಗಳವಿದೆ. ಗ್ಲೋರಿಯೋಸಾಳನ್ನು ಅವರು ಹೊರಗಿನಿಂದಲೇ ನೋಡುತ್ತಾರೆ. ಅವಳು ಕೆಲವೆಡೆ ವ್ಯಂಗ್ಯಚಿತ್ರವಾಗಿಬಿಡುತ್ತಾಳೆ. ಸೆನೆಗಲ್‌ನ ಬುಬಕಾರ್ ಬೋರಿಸ್ ದಿಯೋಪ್ ‘ಮುರಂಬಿ’ಯಲ್ಲಿ ಹತ್ಯಾಕಾಂಡದ ಸಂಚುಗಾರನಿಗೇ ಬಾಯಿ ಕೊಡುತ್ತಾರೆ. ಪತ್ರಕರ್ತ ಜಾನ್ ಹಾಟ್ಸ್‌ಫೆಲ್ಡ್ ಜೈಲಿನಲ್ಲಿದ್ದ ಕೊಲೆಗಾರರನ್ನು ಮಾತಾಡಿಸಿ 2003ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅವರು ಕೊಲೆಯನ್ನು ಹೊಲದ ಕೆಲಸದಂತೆ ವಿವರಿಸುತ್ತಾರೆ. ಗ್ಲೋರಿಯೋಸಾ ತನ್ನ ಸುಳ್ಳನ್ನು ತಾನೇ ಯಾವಾಗ ನಂಬತೊಡಗಿದಳು ಎಂಬುದು ಕಾದಂಬರಿಯಿಂದ ತಿಳಿಯುವುದಿಲ್ಲ. ಅದಕ್ಕೆ ಈ ಎರಡನ್ನೂ ಜೊತೆಗಿಟ್ಟುಕೊಂಡೇ ಓದಬೇಕು.