ಸ್ವಕರ್ಮವೂ ಅರ್ಚನೆಯೂ

ದಿನದಿನದ ಕೆಲಸವೇ ದೇವರ ಪೂಜೆಯೆಂಬ ಮಾತು ಉಪನ್ಯಾಸಕಾರರ ಬಾಯಲ್ಲಿ ಬಹಳ ಸವೆದಿದೆ. ಇದಕ್ಕೆ ಪ್ರಮಾಣವೇನೆಂದು ಕೇಳಿದರೆ, ಗೀತೆಯ ಕಡೆಯ ಅಧ್ಯಾಯ, ಭಾರತದ ಧರ್ಮವ್ಯಾಧೋಪಾಖ್ಯಾನ, ನಮ್ಮ ಶರಣರ ಕಾಯಕದ ವಚನ, ಈ ಮೂರನ್ನೂ ಒಂದೇ ಉಸಿರಿನಲ್ಲಿ ಎಣಿಸಿಬಿಡುವುದು ರೂಢಿಯಾಗಿದೆ. ಮೂರೂ ಒಂದನ್ನೇ ಹೇಳುತ್ತವೆಯೆ? ಮೂಲಗಳನ್ನು ಎದುರಿಗಿಟ್ಟುಕೊಂಡು ಓದುವವರಿಗೆ ಹಾಗೆ ತೋರಲಾರದು.

ಗೀತೆಯ ವಿಷಯವನ್ನು ಬೇಗ ಮುಗಿಸಬಹುದು. ಸ್ವಕರ್ಮದಿಂದ ಈಶ್ವರನನ್ನು ಅರ್ಚಿಸಿದವನಿಗೆ ಸಿದ್ಧಿಯುಂಟೆಂದು ೧೮ನೆಯ ಅಧ್ಯಾಯದ ೪೬ನೆಯ ಶ್ಲೋಕದ ಅಭಿಪ್ರಾಯ. ಆ ಸಿದ್ಧಿಯೆಂದರೆ ಜ್ಞಾನನಿಷ್ಠೆಗೆ ಬೇಕಾದ ಯೋಗ್ಯತೆ ಮಾತ್ರವೆಂದು ಶಂಕರಾಚಾರ್ಯರೂ, ಭಗವತ್ಪ್ರಾಪ್ತಿಯೇ ಎಂದು ರಾಮಾನುಜಾಚಾರ್ಯರೂ ವ್ಯಾಖ್ಯಾನಿಸಿದ್ದಾರೆ. ಭಾಷ್ಯಕಾರರ ಈ ಭೇದ ಅಲ್ಪವಲ್ಲ. ಆದರೆ ಪ್ರಕೃತಕ್ಕೆ ಬೇಕಾದದ್ದು ಇನ್ನೊಂದು ಸಂಗತಿ: ಸ್ವಕರ್ಮವೆಲ್ಲ ನಿರ್ದೋಷವೆಂದು ಗೀತೆ ಹೇಳಿಲ್ಲ. ೪೮ನೆಯ ಶ್ಲೋಕದಲ್ಲಿಯೇ, ಬೆಂಕಿಯನ್ನು ಹೊಗೆ ಮುಸುಕುವಂತೆ ಕರ್ಮವನ್ನು ದೋಷವು ಮುಸುಕಿರುವುದೆಂದು ಅದು ಒಪ್ಪಿಕೊಳ್ಳುತ್ತದೆ.

ಈ ಹೊಗೆಯನ್ನು ಕಣ್ಣಾರೆ ಕಾಣಬೇಕಾದರೆ ವನಪರ್ವಕ್ಕೆ ಹೋಗಬೇಕು. ಮಾರ್ಕಂಡೇಯನು ಯುಧಿಷ್ಠಿರನಿಗೆ ಹೇಳುವ ಕಥೆ ವಾಚಕರಿಗೆ ತಿಳಿದದ್ದೇ. ಮರದಡಿ ವೇದವನ್ನು ಪಠಿಸುತ್ತಿದ್ದ ಕೌಶಿಕನ ಮೇಲೆ ಕೊಕ್ಕರೆಯೊಂದು ಹಿಕ್ಕೆ ಹಾಕಿತು. ಅವನು ಕೋಪದಿಂದ ನೋಡಿದೊಡನೆಯೇ ಸತ್ತು ಬಿತ್ತು. ಅನಂತರ ಅವನು ಭಿಕ್ಷೆಗೆ ಹೋದ ಮನೆಯಲ್ಲಿ ಗೃಹಿಣಿಯು ಪಾತ್ರೆಯನ್ನು ತೊಳೆಯುತ್ತಿದ್ದಳು. ಅಷ್ಟರಲ್ಲಿ ಗಂಡನು ಹಸಿದು ಬಂದನು. ಅವಳು ಅವನ ಉಪಚಾರವನ್ನು ಮುಗಿಸಿ ತಡವಾಗಿ ಭಿಕ್ಷೆ ತಂದಳು. ಕೌಶಿಕನು ಕನಲಿದಾಗ, ತಾನು ಕೊಕ್ಕರೆಯಲ್ಲವೆಂದು ಹೇಳಿ ಅವನನ್ನು ಮಿಥಿಲೆಯ ವ್ಯಾಧನ ಬಳಿಗೆ ಕಳುಹಿಸಿದಳು. ಕವಿಯು ಆ ಗೃಹಿಣಿಗೆ ಹೆಸರನ್ನೇ ಇಟ್ಟಿಲ್ಲ. ಅರ್ಧ ತೊಳೆದ ಪಾತ್ರೆಯನ್ನು ಮಾತ್ರ ಮರೆಯದೆ ಹೇಳಿದ್ದಾನೆ.

ಈ ವ್ಯಾಧನು ನಮ್ಮವರ ಬಾಯಲ್ಲಿ ಬದಲಾಗಿದ್ದಾನೆ. ಸ್ವಾಮಿ ವಿವೇಕಾನಂದರು ೧೮೯೫-೯೬ರ ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಕರ್ಮಯೋಗವನ್ನು ಕುರಿತು ಮಾಡಿದ ಉಪನ್ಯಾಸಗಳಲ್ಲಿ ಈ ಕಥೆಯನ್ನು ಹೇಳಿದರು. ಅವರ ವ್ಯಾಧನು ಯಾವ ಕರ್ತವ್ಯವೂ ಹೀನವಲ್ಲವೆನ್ನುತ್ತಾನೆ. ವೃತ್ತಿಯಿಂದ ಮನುಷ್ಯನನ್ನು ಅಳೆಯುವ ಸಮಾಜಕ್ಕೆ ಅದು ಬೇಕಾದ ಮಾತು. ಹೇಳಿದವರ ಹೃದಯವೂ ದೊಡ್ಡದು. ಆದರೆ ವ್ಯಾಸರ ವ್ಯಾಧನು ಹಾಗೆ ಹೇಳುವುದಿಲ್ಲ. ಇದು ಕುಲಕ್ರಮದಿಂದ ಬಂದ ಕೆಲಸವೆನ್ನುತ್ತಾನೆ. ತಾನು ಕೊಲ್ಲುವುದಿಲ್ಲ, ಪರರು ಕೊಂದ ಹಂದಿ ಕೋಣಗಳ ಮಾಂಸವನ್ನು ಮಾರುತ್ತೇನೆ, ಅದನ್ನು ತಿನ್ನುವುದಿಲ್ಲವೆನ್ನುತ್ತಾನೆ. ಬಳಿಕ, ಈ ಕರ್ಮವು ಘೋರವೆಂಬುದರಲ್ಲಿ ಸಂದೇಹವಿಲ್ಲವೆಂದೂ, ಇದು ಪೂರ್ವಪಾಪದ ಫಲವೆಂದೂ, ಆ ದೋಷವನ್ನು ಕಳೆಯಲು ತಾನು ಯತ್ನಿಸುತ್ತಿರುವೆನೆಂದೂ ಒಪ್ಪಿಕೊಳ್ಳುತ್ತಾನೆ. ಇಂಥವನು ತನ್ನ ಅಂಗಡಿಯನ್ನು ದೇವಾಲಯವೆಂದು ಭ್ರಮಿಸಿದವನಲ್ಲ. ಅವನ ದೇವರು ಯಾರೆಂಬುದನ್ನು ಅವನೇ ಕೌಶಿಕನನ್ನು ಮನೆಯೊಳಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತಾನೆ: ಮುಪ್ಪಿನ ತಾಯಿತಂದೆಗಳು. ಅಷ್ಟಕ್ಕೇ ಬಿಡದೆ, ಅಪ್ಪಣೆಯಿಲ್ಲದೆ ಹೆತ್ತವರನ್ನು ಬಿಟ್ಟು ವೇದಾಧ್ಯಯನಕ್ಕೆ ಹೊರಟುಬಂದ ಆ ಬ್ರಾಹ್ಮಣನನ್ನು ಮರಳಿ ಮನೆಗೆ ಕಳುಹಿಸುತ್ತಾನೆ. ಪಾಠಶಾಲೆಯ ಅನ್ನವನ್ನುಂಡು ಬೆಳೆದ ನನ್ನಂಥವರಿಗೆ ಈ ಭಾಗವು ತುಸು ಚುಚ್ಚದೆ ಇರದು. ಉಪಾಖ್ಯಾನದ ತಾತ್ಪರ್ಯವೂ ಇಲ್ಲಿಯೇ ಇದೆ. ಪೂಜೆಯೆನಿಸಿದುದು ಸೇವೆ, ವೃತ್ತಿಯು ಸಹಿಸಬೇಕಾದ, ಸಾಧ್ಯವಾದಷ್ಟು ಶುದ್ಧಿಗೊಳಿಸಬೇಕಾದ ಹೊರೆ.

ಶರಣರಲ್ಲಿ ಪ್ರಶ್ನೆಯ ನೆಲೆಯೇ ಬೇರೆ. ಕಾಯಕವನ್ನು ಕೈಲಾಸಕ್ಕೆ ಸಮಮಾಡಿದ ಪ್ರಸಿದ್ಧವಾಕ್ಯವನ್ನು ಬಸವಣ್ಣನದೆಂದು ಅನೇಕರು ಬರೆಯುತ್ತಾರೆ. ಅದು ಇರುವುದು ೧೨ನೆಯ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಗುರು, ಲಿಂಗ, ಜಂಗಮ ಮೂರನ್ನೂ ಕಾಯಕದ ಮುಂದೆ ಹಿಂದಕ್ಕೆ ಸರಿಸುವ ದಿಟ್ಟ ವಚನವದು. ಇಲ್ಲಿ ಕೆಲಸವು ದೇವರಿಗೆ ಅರ್ಪಿಸುವ ಹೂವಲ್ಲ. ದೇವರೇ ಕೆಲಸದೊಳಗೆ ಅಡಕವಾಗಿದ್ದಾನೆ. ಹುಟ್ಟಿನ ಸಂಕೋಲೆಯೂ ಇಲ್ಲಿ ಸಡಿಲವಾಗಿದೆ. ವ್ಯಾಧನ ವೃತ್ತಿ ತಾತಮುತ್ತಾತಂದಿರಿಂದ ಬಂದದ್ದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಯಾವ ಕುಲದ ಕಸುಬು? ಸ್ವಧರ್ಮದ ಹೆಸರಿನಲ್ಲಿ ಮಗನನ್ನು ತಂದೆಯ ಕಸುಬಿಗೆ ಕಟ್ಟಿಹಾಕಿದ ನಮ್ಮ ದೇಶದಲ್ಲಿ ಈ ಭೇದವನ್ನು ಮರೆಸುವ ವ್ಯಾಖ್ಯಾನವು ನಿರಪಾಯಕರವಲ್ಲ.

ಆದರೆ ಮಾರಯ್ಯನನ್ನು ಉದ್ಧರಿಸುವವರು ಅವನ ಹೆಂಡತಿಯನ್ನು ಕೈಬಿಡುತ್ತಾರೆ. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗವು ವಿಸ್ತಾರವಾಗಿಯೇ ಬಂದಿದೆ. ಮಾರಯ್ಯನು ಅನುಭಾವದ ಮಾತಿನಲ್ಲಿ ಮುಳುಗಿ ಕುಳಿತಾಗ ಕಾಯಕದ ಹೊತ್ತನ್ನು ನೆನಪಿಸಿದವಳು ಲಕ್ಕಮ್ಮ. ಅವನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಿಮ್ಮ ಮನಸ್ಸಿನದೋ ಬಸವಣ್ಣನ ಮನಸ್ಸಿನದೋ ಎಂದು ಕೇಳಿ, ತಂದಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದವಳೂ ಅವಳೇ. ಕದ್ದ ಅಕ್ಕಿಯಲ್ಲ, ಬೇಡಿದ ಅಕ್ಕಿಯೂ ಅಲ್ಲ, ಶ್ರಮದಿಂದ ಆಯ್ದದ್ದೇ. ಆದರೂ ಅಳತೆ ಮೀರಿತು. ವನಪರ್ವದ ಗೃಹಿಣಿಗೆ ಗಂಡನೇ ದೈವ; ಇಂದಿನ ವಾಚಕಿಯರು ಅಲ್ಲಿ ಹುಬ್ಬುಗಂಟಿಕ್ಕಿದರೆ ನಾನು ತಪ್ಪೆನ್ನಲಾರೆ. ಲಕ್ಕಮ್ಮನಾದರೋ ಗಂಡನನ್ನೇ ತಿದ್ದುತ್ತಾಳೆ. ಕೈಲಾಸದ ಮಾತನ್ನಾಡಿದವನು ಮಾರಯ್ಯ. ಒಂದು ದಿನಕ್ಕೆ ಎಷ್ಟು ಅಕ್ಕಿ ಸಾಕೆಂಬುದನ್ನು ಬಲ್ಲವಳು ಅವಳು.

ಈ ಅಳತೆಯನ್ನು ಕಳೆದರೆ ಕಾಯಕದ ವಾಕ್ಯವು ದುಡಿಸಿಕೊಳ್ಳುವವರ ಕೈಗೆ ಸಲೀಸಾಗಿ ಸಿಕ್ಕುತ್ತದೆ. ಹತ್ತು ಗಂಟೆ ದುಡಿದವನಿಗೆ ಕೂಲಿಯ ಬದಲು ಕೈಲಾಸವನ್ನು ತೋರಿಸುವ ಧಣಿಗಳಿಗೆ ನಮ್ಮಲ್ಲಿ ಬರವಿಲ್ಲ. ೧೯೫೬ರಲ್ಲಿ ಪೂರ್ಣವಾದ ಬೆಂಗಳೂರಿನ ವಿಧಾನಸೌಧದ ಮುಂಭಾಗದಲ್ಲಿ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿದ್ದಾರೆ. ಒಳ್ಳೆಯ ಉದ್ದೇಶವೇ ಸರಿ. ಆದರೆ ಒಳಗೆ ಹೋಗುವವರ ಕೈಯನ್ನು ಅಳೆಯಲು ಆ ಬಾಗಿಲಿನಲ್ಲಿ ಲಕ್ಕಮ್ಮನಿಗೂ ಒಂದು ಸ್ಥಳವಿರಬೇಕಾಗಿತ್ತು.

ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸಿದ ಮೇಲೆ ವಚನಗಳು ವಿದ್ಯಾವಂತರ ಮನೆಗಳನ್ನು ಸೇರಿದವು. ಭಾರತಕಥೆಗಳಂತೂ ಮೊದಲಿನಿಂದಲೂ ಇವೆ. ಮೂಲಗಳು ದುರ್ಲಭವೆಂಬ ನೆಪ ಈಗ ಉಳಿದಿಲ್ಲ. ಮಕ್ಕಳಿಗಾಗಿ ಈ ಕಥೆಗಳನ್ನು ಸಂಗ್ರಹಿಸುವವರು ಸಂಕ್ಷೇಪದ ನಿಮಿತ್ತ ಏನನ್ನು ಬೇಕಾದರೂ ಬಿಡಲಿ, ಕೊಕ್ಕರೆಯನ್ನೂ ಬಿಡಲಿ. ವ್ಯಾಧನು ತನ್ನ ಕರ್ಮವನ್ನು ಘೋರವೆಂದ ಮಾತನ್ನೂ, ಲಕ್ಕಮ್ಮನು ಅಕ್ಕಿಯನ್ನು ಹಿಂದಿರುಗಿಸಿದ ಸಂಗತಿಯನ್ನೂ ಮಾತ್ರ ಉಳಿಸಬೇಕೆಂದು ಕೇಳಿಕೊಳ್ಳುತ್ತೇನೆ.