ಸಿಗರೇಟಿನ ಚಿತ್ರಚೀಟಿಗಳು

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಜೆಫರ್ಸನ್ ಬರ್ಡಿಕ್ ಎಂಬಾತನು ಒಪ್ಪಿಸಿದ ಸಂಗ್ರಹದಲ್ಲಿ ಮೂರು ಲಕ್ಷಕ್ಕೂ ಮಿಕ್ಕ ಅಚ್ಚಿನ ಚೀಟಿಗಳಿವೆ. ಅವುಗಳಲ್ಲಿ ಎಷ್ಟೋ ಚೀಟಿಗಳು ಸಿಗರೇಟಿನ ಪೊಟ್ಟಣದಿಂದ ಬಂದವು. ಮಹಾಚಿತ್ರಕಾರರ ಕೃತಿಗಳಿರುವ ಮಂದಿರದಲ್ಲಿ ಇವಕ್ಕೂ ಸ್ಥಳ ದೊರೆತಿತೆಂದ ಮಾತ್ರಕ್ಕೆ ಇವು ಕಲೆಯೆನಿಸಿದುವೆ?

ಇವುಗಳ ಹುಟ್ಟು ತೀರ ಸಾಮಾನ್ಯವಾದುದು. ಮೆದುವಾದ ಕಾಗದದ ಪೊಟ್ಟಣದಲ್ಲಿ ಸಿಗರೇಟುಗಳು ಬಾಗದಿರಲೆಂದು ಒಂದು ರಟ್ಟಿನ ತುಂಡನ್ನು ಇರಿಸುತ್ತಿದ್ದರು. ಆ ತುಂಡನ್ನೇ ವ್ಯಾಪಾರದ ದೂತನನ್ನಾಗಿ ಮಾಡಿದವರಲ್ಲಿ ವರ್ಜೀನಿಯಾ ಪ್ರಾಂತದ ರಿಚ್‌ಮಂಡ್ ಪಟ್ಟಣದ ‘ಆಲೆನ್ ಅಂಡ್ ಗಿಂಟರ್’ ಸಂಸ್ಥೆಯವರು ಅಗ್ರಗಣ್ಯರು. 1887ರಲ್ಲಿ ಅವರು ಹೊರಡಿಸಿದ ‘ವರ್ಲ್ಡ್ಸ್ ಚಾಂಪಿಯನ್ಸ್’ ಮಾಲೆಯಲ್ಲಿ ಐವತ್ತು ಚೀಟಿಗಳಿದ್ದುವು. ಬೇಸ್‌ಬಾಲ್ ಆಟಗಾರರು ಹತ್ತು ಮಂದಿ. ಉಳಿದವರು ಮುಷ್ಟಿಮಲ್ಲರು, ಕುಸ್ತಿಪಟುಗಳು, ದೋಣಿಯ ಸ್ಪರ್ಧಿಗಳು, ಬಿಲಿಯರ್ಡ್ಸ್ ಆಡುವವರು, ಗುರಿಕಾರರು. ಜಾನ್ ಸಲಿವನ್ನನ ಪಕ್ಕದಲ್ಲಿ ಗುರಿಗಾತಿ ಆನಿ ಓಕ್ಲಿಯೂ ಉಂಟು. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲನ್ನು ಹಿಡಿದು ಒತ್ತಿದ ಈ ಅಚ್ಚು, ರವಿವರ್ಮನ ಪಟಗಳನ್ನು ಕನ್ನಡನಾಡಿನ ಮನೆಗೋಡೆಗಳಿಗೆ ತಂದ ಕಲ್ಲಚ್ಚಿನ ಜಾತಿಯದೇ. ಅಂಗೈಯೊಳಗೆ ಅಡಗುವಷ್ಟು ಸ್ಥಳದಲ್ಲಿ, ಬರಿಯ ಬಿಳುಪಿನ ಮೇಲೆ, ಒಂದು ಮುಖ ಮತ್ತು ಎರಡು ಭುಜ: ಅಷ್ಟರಿಂದಲೇ ವ್ಯಕ್ತಿಯ ಗತ್ತು ತೋರಿಬರುತ್ತದೆ. ಅನಾವಶ್ಯಕವಾದುದನ್ನು ಬಿಡುವ ಈ ಸಂಯಮ ದೊಡ್ಡ ಚಿತ್ರಪಟಗಳಲ್ಲಿಯೂ ವಿರಳ.

ಅದೇ ವರ್ಷ ನ್ಯೂಯಾರ್ಕಿನ ಗುಡ್‌ವಿನ್ ಸಂಸ್ಥೆಯವರು ‘ಓಲ್ಡ್ ಜಡ್ಜ್’ ಸಿಗರೇಟಿನೊಡನೆ ಛಾಯಾಚಿತ್ರಗಳನ್ನೇ ಕೊಡತೊಡಗಿದರು. ಛಾಯಾಚಿತ್ರವು ನಿಜವನ್ನು ಹೇಳುವುದೆಂಬ ನಂಬಿಕೆ ಇಲ್ಲಿ ನಗೆಗೀಡಾಗುತ್ತದೆ. ಆಟಗಾರನು ಸ್ಟುಡಿಯೋದೊಳಗೆ ದಾಂಡನ್ನೆತ್ತಿ ನಿಂತಿದ್ದಾನೆ. ಚೆಂಡು ಸೂರಿನಿಂದ ದಾರದಲ್ಲಿ ತೂಗುತ್ತಿದೆ. ಕೆಲವು ಚೀಟಿಗಳಲ್ಲಿ ದಾರವೂ ಕಾಣುತ್ತದೆ! ಓಟವನ್ನು ನಟಿಸದ ಕಲ್ಲಚ್ಚಿನ ಮುಖವೇ ಇದಕ್ಕಿಂತ ಪ್ರಾಮಾಣಿಕ.

ಆದರೆ ಚೀಟಿಯನ್ನು ಮಗುಚಿ ನೋಡದೆ ತೀರ್ಪು ಹೇಳಲಾಗದು. ‘ಚಾಂಪಿಯನ್ಸ್’ ಚೀಟಿಯ ಬೆನ್ನಿನಲ್ಲಿ ಐವತ್ತು ಹೆಸರುಗಳ ಪಟ್ಟಿ ಇದೆ. ನಿಜವಾದ ಜಾಹೀರಾತು ಇದೇ. ಕೈಯಲ್ಲಿರುವ ಒಂದು ಚಿತ್ರವು ತೃಪ್ತಿಯನ್ನು ಕೊಟ್ಟರೆ, ಪಟ್ಟಿಯು ಇನ್ನೂ ನಲವತ್ತೊಂಬತ್ತು ಇಲ್ಲವಲ್ಲಾ ಎಂಬ ಕೊರಗನ್ನು ಹಚ್ಚುತ್ತದೆ. ಹೊಗೆ ಸೇದುವ ಚಟಕ್ಕೆ ಕೂಡಿಡುವ ಚಟವನ್ನು ಗಂಟುಹಾಕಿದ ಜಾಣ್ಮೆ ಇದು.

ಈ ಜಾಣ್ಮೆಯು ಕಲೆಯನ್ನು ಕುಂದಿಸಿದುದನ್ನು ಕಾಣಬೇಕಾದರೆ ಅದೇ ಸಂಸ್ಥೆಯ 1888ರ ಅಮೆರಿಕಾ ಮೂಲನಿವಾಸಿ ನಾಯಕರ ಮಾಲೆಯನ್ನು ನೋಡಬೇಕು. ಬಣ್ಣಗಾರಿಕೆಯಲ್ಲಿ ಇದು ಹಿಂದಿನದಕ್ಕೆ ಏನೂ ಕಡಿಮೆಯಲ್ಲ. ಗರಿಗಳ ಶಿರೋಭೂಷಣಗಳನ್ನು ಅಚ್ಚುಗಾರನು ಪ್ರೀತಿಯಿಂದ ತಿದ್ದಿದ್ದಾನೆ. ಆದರೆ ಜೆರೊನಿಮೊ 1886ರಲ್ಲಿ ಶರಣಾಗಿ ಆ ಹೊತ್ತಿಗೆ ಸರಕಾರದ ಸೆರೆಯಾಳಾಗಿದ್ದನು. ಸಿಟಿಂಗ್ ಬುಲ್ 1890ರ ಡಿಸೆಂಬರಿನಲ್ಲಿ, ತನ್ನನ್ನು ಹಿಡಿಯಬಂದವರ ಗುಂಡಿಗೆ ಬಲಿಯಾದನು. ಹೊಗೆಸೊಪ್ಪನ್ನು ಮೊದಲು ಬೆಳೆದು ಪವಿತ್ರವೆಂದು ಸೇದಿದ ಜನಗಳ ನಾಯಕರು, ನೆಲವನ್ನು ಕಳೆದುಕೊಳ್ಳುತ್ತಿದ್ದ ಕಾಲದಲ್ಲಿಯೇ, ಅದೇ ಸೊಪ್ಪಿನ ಪೊಟ್ಟಣದ ಅಲಂಕಾರವಾದರು. ಮಲ್ಲನ ಮುಖಕ್ಕೆ ಗತ್ತನ್ನು ತಂದ ಬಿಳಿಯ ಬಯಲೇ ಈ ಮುಖಗಳನ್ನು ಅವುಗಳ ಕಥೆಯಿಂದ ಕತ್ತರಿಸಿಟ್ಟಿತು.

1890ರಲ್ಲಿ ಆಲೆನ್–ಗಿಂಟರ್, ಗುಡ್‌ವಿನ್ ಮೊದಲಾದ ಐದು ಸಂಸ್ಥೆಗಳು ಕೂಡಿ ‘ಅಮೆರಿಕನ್ ಟೊಬ್ಯಾಕೋ ಕಂಪೆನಿ’ಯಾದುವು. ಗೆಲ್ಲಬೇಕಾದ ಎದುರಾಳಿ ಇಲ್ಲವಾದ ಮೇಲೆ ಚಿತ್ರಗಳಿಗೆ ಹಣ ಸುರಿಯುವ ಅವಶ್ಯಕತೆಯೂ ತಗ್ಗಿತು. ಕೆಲವೇ ವರ್ಷಗಳಲ್ಲಿ ಚೀಟಿಗಳು ಅಪರೂಪವಾದುವು. ಕಲ್ಲಚ್ಚಿನವರ ಕೈಚಳಕವೇನೋ ಹಾಗೆಯೇ ಇದ್ದಿತು.